ವೈಶ್ವಾನರನಿಗೆ ಆಹುತಿ, ಹೃದಯಕ್ಕೆ ರಕ್ಷೆ



ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಒಂದರ ಪಕ್ಕದಲ್ಲಿ ಒಂದಾಗಿ ಎರಡು ಶ್ಲೋಕಗಳಿವೆ. ಹದಿನಾಲ್ಕನೆಯದರಲ್ಲಿ ಭಗವಂತನು ತಾನು ವೈಶ್ವಾನರನೆಂಬ ಅಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು, ಪ್ರಾಣಾಪಾನಗಳೊಡನೆ ಸೇರಿ, ನಾಲ್ಕು ಬಗೆಯ ಅನ್ನವನ್ನು ಪಚನ ಮಾಡುವುದಾಗಿ ತಿಳಿಸುತ್ತಾನೆ. ಹದಿನೈದನೆಯದರಲ್ಲಿ ತಾನು ಸಕಲರ ಹೃದಯದಲ್ಲಿ ಸನ್ನಿಹಿತನಾಗಿರುವುದಾಗಿ ತಿಳಿಸುತ್ತಾನೆ. ಮೊದಲು ಜಠರ, ಅನಂತರ ಹೃದಯ. ಈ ಎರಡು ಸ್ಥಾನಗಳ ನಡುವೆ ಅಂತರ ಒಂದು ಗೇಣು ಮಾತ್ರ. ಆದರೆ ಜಠರದಲ್ಲಿ ನಾವು ಸಲ್ಲಿಸುವ ಆಹುತಿಯ ಫಲವನ್ನು ಹೃದಯವು ಹೇಗೆ ಉಣ್ಣುತ್ತದೆ ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಈ ಸಂಚಿಕೆಯಲ್ಲಿ ಆ ವಿಷಯವನ್ನೇ ವಿಚಾರಿಸಲು ಹೊರಟಿದ್ದೇವೆ.

ವಿಚಾರಕ್ಕೆ ಕಾರಣವಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಐವತ್ತರ ಆಸುಪಾಸಿನ ಗೃಹಸ್ಥರು ಹೃದಯಾಘಾತಕ್ಕೆ ತುತ್ತಾದ ವಾರ್ತೆ ಅಪರೂಪವಾಗಿ ಉಳಿದಿಲ್ಲ. ಅಂಥ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಮಾಂಸ ಮುಟ್ಟಿದವರಲ್ಲ, ಮದ್ಯ ಕಂಡವರಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಒಳಗೆ ತಂದವರಲ್ಲ, ಇವರಿಗೆ ಹೀಗೇಕಾಯಿತು?" ಈ ಪ್ರಶ್ನೆಯ ಹಿಂದೆ ದುಃಖವಿದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಅದರೊಳಗೆ ಒಂದು ತಪ್ಪು ಗ್ರಹಿಕೆಯೂ ಅಡಗಿದೆ. ಸಸ್ಯಾಹಾರವೆಂಬ ಒಂದೇ ಹೆಸರಿನಿಂದ ಆಹಾರವು ಸಾತ್ತ್ವಿಕವಾಗುವುದಿಲ್ಲ. ಸಾತ್ತ್ವಿಕ ಆಹಾರದ ಲಕ್ಷಣವನ್ನು ಹೇಳುವಾಗ ಗೀತೆಯು ಪದಾರ್ಥಗಳ ಪಟ್ಟಿಯನ್ನು ಕೊಟ್ಟಿಲ್ಲ, ಗುಣಗಳನ್ನು ಹೇಳಿದೆ.

ಗೀತೆ ಹೇಳಿದ ಮೂರು ಬಗೆ

ಹದಿನೇಳನೆಯ ಅಧ್ಯಾಯದಲ್ಲಿ ಆಹಾರದ ಮೂರು ವಿಭಾಗಗಳಿವೆ. ಆಯುಸ್ಸು, ಬಲ, ಆರೋಗ್ಯ, ಸುಖಗಳನ್ನು ಹೆಚ್ಚಿಸತಕ್ಕ, ರಸವತ್ತಾದ, ಸ್ನಿಗ್ಧವಾದ, ಮನಸ್ಸಿಗೆ ಹಿತವಾದ ಆಹಾರವು ಸಾತ್ತ್ವಿಕ. ಕಹಿ, ಹುಳಿ, ಉಪ್ಪು, ಬಿಸಿ, ತೀಕ್ಷ್ಣತೆ ಇವು ಅತಿಯಾಗಿ, ಒಣಗಿ, ಒಳಗೆ ದಾಹವನ್ನುಂಟುಮಾಡುವ ಆಹಾರವು ರಾಜಸ. ಅದರ ಫಲ ದುಃಖ, ಶೋಕ, ರೋಗ. ಕಾಲ ಮೀರಿದ, ರಸ ಹೋದ, ನಾರುವ, ಹಳಸಿದ, ಉಚ್ಛಿಷ್ಟವಾದ ಆಹಾರವು ತಾಮಸ. ರಾಜಸ ಆಹಾರದ ಲಕ್ಷಣಗಳಲ್ಲಿ ಕೊನೆಗೆ ಬರುವ ಶಬ್ದ 'ವಿದಾಹಿ'. ಸುಡತಕ್ಕದ್ದು, ಒಳಗೆ ಉರಿಯನ್ನೆಬ್ಬಿಸತಕ್ಕದ್ದು ಎಂದು ಅದರ ಅರ್ಥ.

ಇಂದಿನ ವೈದ್ಯಶಾಸ್ತ್ರವು ಹೃದ್ರೋಗದ ಮೂಲವನ್ನು ಹೇಳುವಾಗ ಬಳಸುವ ಮುಖ್ಯ ಶಬ್ದವನ್ನು ಕನ್ನಡದಲ್ಲಿ 'ಉರಿಯೂತ' ಎನ್ನುತ್ತಾರೆ. ಉರಿ ಮತ್ತು ಊತ ಸೇರಿ ಉರಿಯೂತ. ಇಷ್ಟರಿಂದಲೇ ಗೀತೆಯಲ್ಲಿ ರಕ್ತನಾಳಶಾಸ್ತ್ರವಿದೆಯೆಂದು ಸಾರುವುದು ನಮ್ಮ ಉದ್ದೇಶವಲ್ಲ. ಶಾಸ್ತ್ರದ ಪ್ರಯೋಜನ ಮೋಕ್ಷ, ವೈದ್ಯದ ಪ್ರಯೋಜನ ದೇಹರಕ್ಷಣೆ. ಒಂದನ್ನು ಇನ್ನೊಂದರ ಸಾಕ್ಷಿಯಾಗಿ ಎಳೆದು ತರುವುದು ಎರಡಕ್ಕೂ ಅಪಚಾರ. ಆದರೆ ಸಾಧನಶರೀರವನ್ನು ಕಾಪಾಡಿಕೊಳ್ಳುವುದು ಸಾಧಕನ ಕರ್ತವ್ಯವಾದ್ದರಿಂದ, ವೈದ್ಯರು ಕಂಡುಕೊಂಡದ್ದನ್ನು ತಿಳಿದು ನಡೆಯುವುದು ಧರ್ಮಕ್ಕೆ ಹೊರತಾದುದಲ್ಲ.

ಕುಂಡದೊಳಗಿನ ಅಗ್ನಿ, ಕುಂಡ ಮೀರಿದ ಅಗ್ನಿ

ಹೋಮಕುಂಡವನ್ನು ನೆನೆಯೋಣ. ಕುಂಡಕ್ಕೆ ಮೇಖಲೆಗಳಿವೆ. ಅಗ್ನಿಯು ಅವುಗಳೊಳಗೆ ಇರುವವರೆಗೆ ಆಹುತಿಯನ್ನು ದೇವತೆಗಳಿಗೆ ಮುಟ್ಟಿಸುತ್ತದೆ. ಸಮಿತ್ತು, ತುಪ್ಪ ಮಿತಿಮೀರಿ ಬಿದ್ದರೆ ಕಿಡಿ ಸಿಡಿದು ಹೊದಿಕೆಯ ಚಪ್ಪರವನ್ನೇ ಹೊತ್ತಿಸಬಹುದು. ಅಗ್ನಿಯು ಅದೇ, ಸ್ಥಾನ ಮತ್ತು ಪ್ರಮಾಣ ಬೇರೆ.

ನಮ್ಮ ದೇಹದ ಬಹುತೇಕ ಎಲ್ಲ ಬಗೆಯ ಜೀವಕೋಶಗಳಲ್ಲಿಯೂ ಇಂಥ ಸಣ್ಣ ಕುಂಡಗಳಿವೆ. ನಾವು ಉಂಡ ಅನ್ನದ ಸಾರವೂ ಉಸಿರಾಡಿದ ಆಮ್ಲಜನಕವೂ ಅಲ್ಲಿ ಸೇರಿ ಶಕ್ತಿಯು ಹುಟ್ಟುತ್ತದೆ. ಈ ಕ್ರಿಯೆಯಲ್ಲಿ ಕೆಲವು ಕಿಡಿಗಳು ಹೊರಗೆ ಸಿಡಿಯುತ್ತವೆ. ಇವು ಸ್ಥಿರತೆ ಇಲ್ಲದ, ತಾಗಿದ್ದನ್ನು ಕೆಡಿಸುವ ಆಮ್ಲಜನಕದ ಕಣಗಳು. ಇವುಗಳಿಂದ ದೇಹವು ಸವೆಯುತ್ತದೆಂಬ ವಾದವನ್ನು 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಮುಂದಿಟ್ಟರು. ಈ ಕಿಡಿಗಳನ್ನು ಆರಿಸುವ ಕಿಣ್ವವೊಂದು ದೇಹದಲ್ಲಿಯೇ ಇದೆಯೆಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿಕೊಟ್ಟರು. ಕುಂಡಕ್ಕೆ ಮೇಖಲೆಯನ್ನು ಭಗವಂತನೇ ಕಟ್ಟಿ ಕಳುಹಿಸಿದ್ದಾನೆ ಎಂದಾಯಿತು. ಕಿಡಿಗಳು ಹೆಚ್ಚಾಗಿ ಮೇಖಲೆಯನ್ನು ಮೀರಿದಾಗಿನ ಸ್ಥಿತಿಯನ್ನು ಉತ್ಕರ್ಷಣದ ಒತ್ತಡ ಎನ್ನುತ್ತಾರೆ. ಹೊಗೆಸೊಪ್ಪು, ರಕ್ತದಲ್ಲಿ ಏರಿದ ಸಕ್ಕರೆ, ಏರಿದ ರಕ್ತದೊತ್ತಡ, ನಗರದ ಹೊಗೆ, ಮಿತಿಮೀರಿದ ಭೋಜನ ಇವು ಅದನ್ನು ಹೆಚ್ಚಿಸುತ್ತವೆ.

ಇದು ಹೃದಯವನ್ನು ಮುಟ್ಟುವ ಬಗೆ ಹೀಗೆ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಎಂಬ ಕಣಗಳಿವೆ. ಅವು ಹೆಚ್ಚಾದಾಗ ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕಿಡಿಗಳು ತಾಗಿ ಕೆಡುತ್ತವೆ. ಎಣ್ಣೆ ಕಮಟುವ ಹಾಗೆ ಎಂದು ತಿಳಿಯಬಹುದು. ಕೆಟ್ಟದ್ದನ್ನು ಕಂಡು ಬಿಳಿ ರಕ್ತಕಣಗಳು ಶುಚಿಮಾಡಲು ಧಾವಿಸುತ್ತವೆ, ಅದನ್ನು ನುಂಗುತ್ತವೆ, ನುಂಗಿ ಉಬ್ಬುತ್ತವೆ, ತಾವೂ ಅಲ್ಲಿಯೇ ಉಳಿಯುತ್ತವೆ. ಅವುಗಳ ಕರೆಗೆ ಮತ್ತಷ್ಟು ಕಣಗಳು ಬಂದು ಸೇರುತ್ತವೆ. ಇದೇ ಉರಿಯೂತ. ವರ್ಷಗಳು ಉರುಳಿದಂತೆ ಗೋಡೆಯಲ್ಲಿ ಗಡ್ಡೆ ಬೆಳೆಯುತ್ತದೆ. ಅದರ ಮೇಲಿನ ತೆಳು ಹೊದಿಕೆಯನ್ನು ಉರಿಯು ಸವೆಸುತ್ತದೆ. ಒಂದು ದಿನ ಹೊದಿಕೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹರಿವು ನಿಲ್ಲುತ್ತದೆ. ಲೋಕವು ಇದನ್ನು ಆಕಸ್ಮಿಕ ಎನ್ನುತ್ತದೆ. ನಿಜವಾಗಿ ಅದು ಇಪ್ಪತ್ತು ಮೂವತ್ತು ವರ್ಷಗಳಿಂದ ಸದ್ದಿಲ್ಲದೆ ಉರಿಯುತ್ತಿದ್ದ ಕೆಂಡ.

ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿ ನಾಳವನ್ನು ಹಿಗ್ಗಿಸುತ್ತದೆ. ಈ ಶೋಧನೆಗೆ 1998ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಸಂದಿತು. ಮೇಲೆ ಹೇಳಿದ ಕಿಡಿಗಳು ಈ ಅನಿಲವನ್ನೂ ನಾಶಮಾಡುತ್ತವೆ. ಕೊಬ್ಬು ತುಂಬಿದ ಒಂದೇ ಊಟದ ನಂತರವೂ ನಾಳದ ಹಿಗ್ಗುವ ಶಕ್ತಿ ಕೆಲವು ಗಂಟೆಗಳ ಕಾಲ ಕುಗ್ಗುವುದನ್ನು 1997ರಲ್ಲಿ ಅಮೆರಿಕದ ವೈದ್ಯರು ಆರೋಗ್ಯವಂತರಲ್ಲಿಯೇ ಅಳೆದು ತೋರಿಸಿದರು. ಒಂದು ಊಟದ ಫಲ ಕೆಲವು ಗಂಟೆಗಳಾದರೆ, ದಿನಕ್ಕೆ ಮೂರು ಬಾರಿಯಂತೆ ಮೂವತ್ತು ವರ್ಷಗಳ ಊಟದ ಫಲವೇನೆಂಬುದನ್ನು ಓದುಗರೇ ಎಣಿಸಬಹುದು.

ಗುಳಿಗೆಯಿಂದ ಆರದ ಉರಿ

ಇಷ್ಟು ತಿಳಿದ ಕೂಡಲೆ ಬುದ್ಧಿವಂತನಿಗೆ ಹೊಳೆಯುವ ಉಪಾಯವೊಂದಿದೆ. ಕಿಡಿಯನ್ನು ಆರಿಸುವ ಜೀವಸತ್ತ್ವಗಳನ್ನು ಗುಳಿಗೆಯಾಗಿ ನುಂಗಿದರಾಯಿತು, ಊಟ ಹೇಗಿದ್ದರೇನು ಎಂದು. ನಗರಗಳ ಔಷಧದ ಅಂಗಡಿಗಳಲ್ಲಿ ಇಂಥ ಗುಳಿಗೆಗಳ ಡಬ್ಬಿಗಳು ಸಾಲುಗಟ್ಟಿ ನಿಂತಿವೆ. ವೈದ್ಯರೂ ಇದನ್ನು ನಂಬಿ ಪರೀಕ್ಷಿಸಿದರು. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರಿಗೆ ಬೀಟಾ ಕ್ಯಾರೋಟಿನ್ ಮತ್ತು ಇ ಜೀವಸತ್ತ್ವಗಳನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲ 1994ರಲ್ಲಿ ಹೊರಬಂದಿತು. ಬೀಟಾ ಕ್ಯಾರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. 2002ರಲ್ಲಿ ಇಂಗ್ಲೆಂಡಿನಿಂದ ಬಂದ, 20,536 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಇ, ಸಿ ಮತ್ತು ಬೀಟಾ ಕ್ಯಾರೋಟಿನ್ ಮೂರನ್ನೂ ಕೊಟ್ಟರೂ ಹೃದಯಕ್ಕೆ ಪ್ರಯೋಜನ ಕಾಣಲಿಲ್ಲ.

ಉರಿಯೂತವನ್ನು ನೇರವಾಗಿ ತಗ್ಗಿಸುವ ಔಷಧವನ್ನೂ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಕ್ಯಾಂಟಾಸ್ ಎಂಬ ಪರೀಕ್ಷೆಯಲ್ಲಿ, ಒಮ್ಮೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಔಷಧದ ಒಂದು ಪ್ರಮಾಣವು ಕೊಲೆಸ್ಟರಾಲನ್ನು ಮುಟ್ಟದೆಯೇ ಮರುಆಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಮರಣಗಳನ್ನು ಒಟ್ಟಿನಲ್ಲಿ ನೂರಕ್ಕೆ 15ರಷ್ಟು ತಗ್ಗಿಸಿತು. ಉರಿಯೂತವೂ ರೋಗಕ್ಕೆ ಕಾರಣವೆಂಬುದು ಇದರಿಂದ ದೃಢವಾಯಿತು. ಆದರೆ ಅದೇ ಔಷಧದಿಂದ ಸೋಂಕುರೋಗದ ಮರಣಗಳು ಹೆಚ್ಚಿದವು. ಏಕೆಂದರೆ ಉರಿಯೂತವೆಂಬುದು ದೇಹದ ಕಾವಲುಗಾರನೂ ಹೌದು. ಅಗ್ನಿಯನ್ನು ಪೂರ್ತಿ ಆರಿಸಿದ ಮನೆಯಲ್ಲಿ ಅಡುಗೆಯೂ ಇಲ್ಲ, ಬೆಳಕೂ ಇಲ್ಲ.

ಈ ಪರೀಕ್ಷೆಗಳಿಂದ ನಾವು ಕಲಿಯತಕ್ಕ ಪಾಠ ಒಂದೇ. ಅಗ್ನಿಯನ್ನು ಆರಿಸುವುದು ನಮ್ಮ ಕೆಲಸವಲ್ಲ. ಆಹುತಿಯನ್ನು ಶುದ್ಧವಾಗಿ, ಮಿತವಾಗಿ, ಕಾಲಕ್ಕೆ ಸರಿಯಾಗಿ ಕೊಡುವುದು ನಮ್ಮ ಕೆಲಸ. ಹಿಂದೆ ಉಗಿಬಂಡಿಗಳ ಕಾಲದಲ್ಲಿ ಫೈರ್‌ಮನ್‌ಗಳಿಗೆ ಕಲಿಸುತ್ತಿದ್ದ ಮೊದಲ ಪಾಠವೂ ಇದೇ ಆಗಿತ್ತು. ಕಲ್ಲಿದ್ದಲನ್ನು ಸ್ವಲ್ಪ ಸ್ವಲ್ಪವಾಗಿ ಹರಡಿ ಹಾಕಬೇಕು. ಒಮ್ಮೆಗೇ ಸುರಿದರೆ ಬೆಂಕಿ ಮಂಕಾಗಿ ಕಪ್ಪು ಹೊಗೆ ಏಳುತ್ತದೆ, ಉಗಿಯ ಒತ್ತಡ ಬೀಳುತ್ತದೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಭಗವಂತನು ಹೇಳಿದ್ದಾನೆ.

ಮಿತಿ ತಪ್ಪಿದ್ದು ಎಲ್ಲಿ?

ಊರಿನಲ್ಲಿ ನಮ್ಮ ಹಿರಿಯರೂ ಅಕ್ಕಿ, ತುಪ್ಪ, ಹೋಳಿಗೆ ಉಂಡವರೇ. ಆದರೆ ಬಾವಿಯಿಂದ ನೀರು ಸೇದುತ್ತಿದ್ದರು, ಹೊಳೆಗೆ ನಡೆಯುತ್ತಿದ್ದರು, ಹೋಳಿಗೆಯನ್ನು ಹಬ್ಬಕ್ಕೆ ಮಾತ್ರ ಕಾಣುತ್ತಿದ್ದರು. ನಗರಕ್ಕೆ ಬಂದ ನಾವು ನಡಿಗೆಯನ್ನು ಊರಲ್ಲಿ ಬಿಟ್ಟು, ಹಬ್ಬದ ಊಟವನ್ನು ಮಾತ್ರ ದಿನದಿನಕ್ಕೆ ತಂದುಕೊಂಡೆವು. ಬೆಳಿಗ್ಗೆ ಉಪ್ಪಿಟ್ಟು ಅವಲಕ್ಕಿ, ಮಧ್ಯಾಹ್ನ ಡಬ್ಬಿಯ ಅನ್ನ, ಸಂಜೆ ಕಚೇರಿಯಿಂದ ಬರುವಾಗ ವಡಾಪಾವ್ ಅಥವಾ ಬಜ್ಜಿ, ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ, ಅದರ ಮೇಲೆ ನಿದ್ರೆ. ಇದರಲ್ಲಿ ಮಾಂಸವಿಲ್ಲ, ನಿಜ. ಆದರೆ ಪಿಷ್ಟ, ಸಕ್ಕರೆ, ಉಪ್ಪು, ಕರಿದ ಎಣ್ಣೆಗಳೇ ಹೆಚ್ಚು. ಪಲ್ಯ, ಕೋಸಂಬರಿ, ಹಣ್ಣುಗಳು ಎಲೆಯ ತುದಿಗೆ ಸರಿದಿವೆ.

ಇದರ ಫಲವು ಹೊಟ್ಟೆಯ ಸುತ್ತ ಸೇರುವ ಕೊಬ್ಬು. ಅದು ಸುಮ್ಮನೆ ಬಿದ್ದಿರುವ ಭಾರವಲ್ಲ. ಉರಿಯೂತವನ್ನು ಪ್ರಚೋದಿಸುವ ದ್ರವ್ಯಗಳನ್ನು ಹಗಲಿರುಳು ರಕ್ತಕ್ಕೆ ಬಿಡುತ್ತದೆ. ಆದುದರಿಂದಲೇ ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 11.4 ಮಂದಿಗೆ ಮಧುಮೇಹವೂ 35.5 ಮಂದಿಗೆ ಅಧಿಕ ರಕ್ತದೊತ್ತಡವೂ ಕಂಡುಬಂದವು. 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತದ ಅಪಾಯದ ಬಹುಭಾಗವು ಒಂಬತ್ತು ಅಂಶಗಳಿಂದಲೇ ಬರುವುದಾಗಿ ತೋರಿಸಿತು. ಕೊಲೆಸ್ಟರಾಲ್, ಧೂಮಪಾನ, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ ಇವು ಅವುಗಳಲ್ಲಿವೆ. ಅದೇ ಅಧ್ಯಯನದ 2007ರ ವರದಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಸರಾಸರಿ 53ನೆಯ ವಯಸ್ಸಿನಲ್ಲಿ, ಅನ್ಯರಿಗೆ ಸುಮಾರು 59ರಲ್ಲಿ. ಮಗಳ ಮದುವೆ, ಮಗನ ಓದು ಇನ್ನೂ ಮುಗಿಯದ ವಯಸ್ಸು ಅದು.

ಏಕಾದಶಿಯ ವಿಷಯ

ಇಲ್ಲಿ ವ್ರತಗಳ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಏಕಾದಶಿಯು ಹರಿಪ್ರೀತಿಗಾಗಿ, ಕೊಲೆಸ್ಟರಾಲಿಗಾಗಿ ಅಲ್ಲ. ಉಪವಾಸವೆಂದರೆ ಸಮೀಪದಲ್ಲಿ ವಾಸ. ಅದರಿಂದ ಜಿಹ್ವೆಗೆ ಸಂಯಮ ಬಂದರೆ ಅದು ಅನುಷಂಗವಾಗಿ ಒದಗಿದ ಲಾಭ. ಆದರೆ ಮುಂಬಯಿ ಪುಣೆಗಳಲ್ಲಿ ನೆಲೆಸಿದ ಕೆಲವರಲ್ಲಿ ಫಲಾಹಾರದ ಹೆಸರಿನಲ್ಲಿ ನಡೆಯುವುದೇನು? ಸಾಬೂದಾಣೆಯ ಖಿಚಡಿ, ಸಾಬೂದಾಣೆಯ ವಡೆ, ಕರಿದ ಬಟಾಟೆ, ಪೇಢೆ. ಏಕಾದಶಿಯೆಂದರೆ ಇಮ್ಮಡಿ ಊಟವೆಂದು ಮರಾಠಿಯವರೇ ತಮ್ಮನ್ನು ತಾವು ಹಾಸ್ಯ ಮಾಡಿಕೊಳ್ಳುತ್ತಾರೆ. ಸಾಬೂದಾಣೆಯು ಬಹುತೇಕ ಶುದ್ಧ ಪಿಷ್ಟ. ನಾರೂ ಇಲ್ಲ, ಸತ್ತ್ವವೂ ಇಲ್ಲ. ಇದರಿಂದ ವ್ರತಕ್ಕೂ ಭಂಗ, ದೇಹಕ್ಕೂ ಭಂಗ. ಮರುದಿನದ ದ್ವಾದಶಿಯ ಪಾರಣೆಯಲ್ಲಿ ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಉಣ್ಣುವುದು ಇನ್ನೊಂದು ರೂಢಿ. ಪಾರಣೆಯು ವ್ರತದ ಸಮಾಪ್ತಿ, ಸಾಲದ ವಸೂಲಿಯಲ್ಲ.

ಇನ್ನೊಂದು ಕಡೆ, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವ ವೃದ್ಧರು, ಯಾರಿಗೂ ತಿಳಿಸದೆ ನಿರ್ಜಲ ಉಪವಾಸ ಮಾಡಿ ತಲೆತಿರುಗಿ ಬೀಳುವುದುಂಟು. ಕೆಲವರು ವ್ರತವೆಂದು ಹೃದಯದ ಮಾತ್ರೆಯನ್ನೇ ಬಿಡುತ್ತಾರೆ. ಧರ್ಮಶಾಸ್ತ್ರವು ನಿರ್ದಯವಾದುದಲ್ಲ. ವ್ರತವನ್ನು ಕೆಡಿಸದ ಎಂಟನ್ನು ಹಿರಿಯರು ಎಣಿಸುವಾಗ ನೀರು, ಬೇರು, ಹಣ್ಣು, ಹಾಲು, ಹವಿಸ್ಸು ಇವುಗಳ ಜೊತೆಗೆ ಗುರುವಚನವನ್ನೂ ಔಷಧವನ್ನೂ ಸೇರಿಸಿದ್ದಾರೆ. ರೋಗಿಗಳಾದವರು ಮಠದ ಹಿರಿಯರನ್ನೂ ತಮ್ಮ ವೈದ್ಯರನ್ನೂ ಮೊದಲೇ ಕೇಳಿ ತಮಗೆ ತಕ್ಕ ಕ್ರಮವನ್ನು ಗೊತ್ತುಮಾಡಿಕೊಳ್ಳಲಿ. ಇದು ಭಕ್ತಿಯ ಕೊರತೆಯಲ್ಲ.

ಚಾತುರ್ಮಾಸ್ಯದ ವ್ರತಗಳನ್ನು ನೋಡಿರಿ. ಮೊದಲ ತಿಂಗಳು ಶಾಕ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ, ಹೀಗೆ ಒಂದೊಂದನ್ನೂ ಒಂದೊಂದು ತಿಂಗಳು ಬಿಡುತ್ತೇವೆ. ನಾಲಿಗೆ ಬಯಸಿದ್ದನ್ನೆಲ್ಲ ಎಲ್ಲ ಕಾಲಕ್ಕೂ ಕೊಡಬೇಕಾಗಿಲ್ಲವೆಂಬ ಶಿಕ್ಷಣವು ಇದರಲ್ಲಿದೆ. ನಾಲ್ಕು ತಿಂಗಳು ಹೀಗೆ ತ್ಯಾಗ ಮಾಡಬಲ್ಲವರಿಗೆ ದಿನದ ಎರಡನೆಯ ಚಮಚ ಸಕ್ಕರೆಯನ್ನು ಬಿಡುವುದು ಅಸಾಧ್ಯವೇ?

ಪಂಚಾಹುತಿಯಂತೆ ಐದು ನಿಯಮಗಳು

ಭೋಜನಕಾಲದಲ್ಲಿ ಆಪೋಶನವಾದ ಮೇಲೆ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನರಿಗೆ ಐದು ಸಣ್ಣ ಆಹುತಿಗಳನ್ನು ಕೊಡುತ್ತೇವೆ. ಅವು ಎಷ್ಟು ಸಣ್ಣವೆಂಬುದನ್ನು ಗಮನಿಸಿರಿ. ಆ ಲೆಕ್ಕದಲ್ಲಿಯೇ ಐದು ನಿಯಮಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದು ಪ್ರಮಾಣ. ಅನ್ನವನ್ನು ಈಗಿನದಕ್ಕಿಂತ ಒಂದು ಹಿಡಿ ಕಡಿಮೆ ಮಾಡಿ, ಪಲ್ಯ, ಕೋಸಂಬರಿ, ಬೇಳೆಗಳನ್ನು ಅಷ್ಟೇ ಹೆಚ್ಚಿಸಬೇಕು. ದಿನಕ್ಕೆ ಹಣ್ಣು ತರಕಾರಿ ಒಟ್ಟು 400 ಗ್ರಾಂ ಆದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಳಿಗೆಯಿಂದ ಸಿಗದ ರಕ್ಷೆಯು ಇವುಗಳಿಂದ ಸಿಗುತ್ತದೆ. ಏಕೆಂದರೆ ಇಲ್ಲಿ ನಾರು, ಪೊಟ್ಯಾಸಿಯಂ, ಅನೇಕ ಸೂಕ್ಷ್ಮ ದ್ರವ್ಯಗಳು ಒಟ್ಟಿಗೇ ಬರುತ್ತವೆ. ಸ್ಪೇನ್ ದೇಶದಲ್ಲಿ 7,447 ಮಂದಿಯ ಮೇಲೆ ನಡೆದ ಪ್ರೆಡಿಮೆಡ್ ಪರೀಕ್ಷೆಯಲ್ಲಿ ಆಲಿವ್ ಎಣ್ಣೆ ಅಥವಾ ಬಾದಾಮಿ ಅಕ್ರೋಟುಗಳನ್ನು ಸೇರಿಸಿದ ಊಟದಿಂದ ಹೃದ್ರೋಗ ಮತ್ತು ಪಾರ್ಶ್ವವಾಯುಗಳು ನೂರಕ್ಕೆ ಸುಮಾರು 30ರಷ್ಟು ತಗ್ಗಿದವು. 2013ರ ಮೊದಲ ವರದಿಯಲ್ಲಿ ಕ್ರಮದೋಷಗಳು ಕಂಡದ್ದರಿಂದ 2018ರಲ್ಲಿ ಅದನ್ನು ಮತ್ತೆ ಪರಿಶೀಲಿಸಿ ಪ್ರಕಟಿಸಿದರು; ಫಲವು ಹೆಚ್ಚುಕಡಿಮೆ ಅದೇ ಉಳಿಯಿತು. ನಮಗೆ ಆಲಿವ್ ಎಣ್ಣೆಯೇ ಬೇಕೆಂದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ, ಗುರೆಳ್ಳು, ಶೇಂಗಾಗಳ ಚಟ್ನಿಪುಡಿಗಳಿವೆ, ಜೋಳದ ರೊಟ್ಟಿಯಿದೆ, ಹೆಸರುಬೇಳೆಯ ಕೋಸಂಬರಿಯಿದೆ. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಕೊಬ್ಬು ಹೇರಳವಾಗಿದೆ. ಮಕ್ಕಳು ಇವನ್ನು ಹಳ್ಳಿಯ ತಿನಿಸೆಂದು ಮೂಗು ಮುರಿಯದಂತೆ ರೂಢಿಸುವುದು ತಾಯ್ತಂದೆಯರ ಹೊಣೆ.

ಎರಡನೆಯದು ಎಣ್ಣೆಯ ಶುದ್ಧಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಬಾಣಲೆಯಲ್ಲಿಯೇ ಉತ್ಕರ್ಷಣಗೊಂಡು ಕೆಡುತ್ತದೆ. ಆ ಕೆಟ್ಟ ದ್ರವ್ಯಗಳನ್ನೇ ನಾವು ಉಣ್ಣುತ್ತೇವೆ. ಕೆಟ್ಟ ದ್ರವ್ಯಗಳು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈಯಿಂದ ನಿಯಮ ಮಾಡಿದೆ. ವನಸ್ಪತಿಯಲ್ಲಿ ಸೇರುತ್ತಿದ್ದ ಟ್ರಾನ್ಸ್ ಕೊಬ್ಬನ್ನು 2022ರ ಜನವರಿಯಿಂದ ನೂರಕ್ಕೆ 2ಕ್ಕೆ ಮಿತಿಗೊಳಿಸಿದೆ. ಬೀದಿಯ ಬಾಣಲೆಗೆ ಈ ನಿಯಮ ಎಷ್ಟು ಮುಟ್ಟಿದೆಯೆಂದು ಕೇಳುವುದಕ್ಕಿಂತ ನಮ್ಮ ಬಾಣಲೆಯನ್ನು ನೋಡಿಕೊಳ್ಳುವುದು ಲೇಸು. ಆರಾಧನೆ, ಉತ್ಸವಗಳಲ್ಲಿ ಅಡುಗೆಯ ಹೊಣೆ ಹೊತ್ತ ಮಹನೀಯರಲ್ಲಿಯೂ ನಮ್ಮ ವಿನಂತಿ: ಬೋಂಡ ಕರಿದ ಎಣ್ಣೆಯು ಮರುದಿನದ ಪಾಕಕ್ಕೆ ಬಾರದಿರಲಿ. ಹರಿಗೆ ನಿವೇದಿಸುವ ಪದಾರ್ಥದಲ್ಲಿ ಹಳಸಿದ್ದಕ್ಕೆ ಸ್ಥಾನವಿಲ್ಲ. ಮನೆಯ ತುಪ್ಪಕ್ಕೆ ನಾವು ವಿರೋಧಿಗಳಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಲ್‌ಡಿಎಲ್ ಏರಿಸುವ ಕೊಬ್ಬು. ಅಭಿಘಾರಕ್ಕೆ ಬೇಕಾಗುವುದು ಒಂದು ಮಿಳ್ಳೆ, ಸೌಟಲ್ಲ.

ಮೂರನೆಯದು ಉಪ್ಪು ಮತ್ತು ಸಿಹಿ. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚವನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ಪ್ರಸಾದವನ್ನು ನಿರಾಕರಿಸಬೇಕಾಗಿಲ್ಲ. ಹಯಗ್ರೀವವನ್ನು ಬೆರಳ ತುದಿಯಷ್ಟು ಸ್ವೀಕರಿಸಿದರೂ ಅನುಗ್ರಹವು ಪೂರ್ಣವೇ. ಮೂರನೆಯ ಸಲ ಬಡಿಸಿಕೊಳ್ಳುವುದು ಭಕ್ತಿಯಿಂದಲೋ ಜಿಹ್ವಾಚಾಪಲ್ಯದಿಂದಲೋ ಎಂಬುದನ್ನು ಅವರವರ ಅಂತರ್ಯಾಮಿಯೇ ಬಲ್ಲ. ಮಧುಮೇಹವುಳ್ಳವರಿಗೆ ಪಂಕ್ತಿಯಲ್ಲಿ ಒತ್ತಾಯ ಮಾಡಿ ಬಡಿಸುವುದು ಸತ್ಕಾರವಲ್ಲ.

ನಾಲ್ಕನೆಯದು ಮನೆಯ ಸ್ತ್ರೀಯರ ಊಟ. ಇದನ್ನು ಪುರುಷರು ಗಮನವಿಟ್ಟು ಓದಬೇಕು. ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ, ಉಳಿದದ್ದನ್ನು ಚೆಲ್ಲಬಾರದೆಂದು ತಾವೇ ಉಣ್ಣುವವರು ಅವರು. ನಿನ್ನೆಯ ಅನ್ನದ ಚಿತ್ರಾನ್ನ, ಮೊನ್ನೆಯ ಹುಳಿ, ಮಕ್ಕಳು ಬಿಟ್ಟ ಚಪಾತಿ ಇವು ಅವರ ಪಾಲು. ಯಾವುದನ್ನು ಗೀತೆಯು ತಾಮಸವೆಂದಿತೋ ಅದನ್ನೇ ಮಡಿಯಲ್ಲಿ ಅಡಿಗೆ ಮಾಡಿದ ಗೃಹಿಣಿಗೆ ಬಿಟ್ಟು, ನಾವು ಬಿಸಿಬಿಸಿ ಸಾತ್ತ್ವಿಕವನ್ನು ಉಂಡು ಏಳುವುದು ಯಾವ ನ್ಯಾಯ? ಋತುಬಂಧದ ನಂತರ ಸ್ತ್ರೀಯರಿಗೂ ಹೃದ್ರೋಗದ ಭಯ ಹೆಚ್ಚುತ್ತದೆ. ಅವರಲ್ಲಿ ಎದೆನೋವಿಗಿಂತ ಆಯಾಸ, ಉಸಿರುಗಟ್ಟುವಿಕೆ, ವಾಕರಿಕೆ, ಬೆನ್ನು ದವಡೆಗಳ ನೋವಾಗಿಯೂ ಅದು ತೋರಬಹುದು. ಅಳತೆಗೆ ತಕ್ಕಷ್ಟೇ ಅಡಿಗೆ ಮಾಡಿದರೆ ಉಳಿಕೆಯಿಲ್ಲ. ರಾತ್ರಿಯಾದರೂ ಎಲ್ಲರೂ ಒಟ್ಟಿಗೆ ಕುಳಿತರೆ ಉಪೇಕ್ಷೆಯಿಲ್ಲ.

ಐದನೆಯದು ದೇಹದ ಪರೀಕ್ಷೆ ಮತ್ತು ನಡಿಗೆ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ನಾಮಸ್ಮರಣೆಗೂ ಅದು ಒಳ್ಳೆಯ ಕಾಲ. ಮೂವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ನೋಡಿಸಿಕೊಳ್ಳಬೇಕು. ಹೊಗೆಸೊಪ್ಪನ್ನು ಯಾವ ರೂಪದಲ್ಲಿಯೂ ಸೇವಿಸಕೂಡದು. ಎಲೆಅಡಿಕೆಯೊಡನೆ ಬಾಯಿಗೆ ಬಂದರೂ ನಶ್ಯವಾಗಿ ಮೂಗಿಗೆ ಬಂದರೂ ಅದು ಹೊಗೆಸೊಪ್ಪೇ. ವೈದ್ಯರು ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನು ಕೊಟ್ಟಿದ್ದರೆ, ಪಥ್ಯ ಆರಂಭಿಸಿದೆವೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಎಲ್‌ಡಿಎಲ್ ಎಂಬ ಇಂಧನವನ್ನೇ ತಗ್ಗಿಸುವ ಆ ಮಾತ್ರೆಗಳ ಪ್ರಯೋಜನವು ದೊಡ್ಡ ಪರೀಕ್ಷೆಗಳಲ್ಲಿ ಸಿದ್ಧವಾಗಿದೆ. ಎಲ್ಲಕ್ಕೂ ಮಿಗಿಲಾಗಿ, ಎದೆಯಲ್ಲಿ ಭಾರ, ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ನೋವು ಬಂದಾಗ ವಾಯುವೆಂದು ಇಂಗಿನ ನೀರು ಕುಡಿದು ಬೆಳಗಾಗಲೆಂದು ಕಾಯಬಾರದು. ಆಗ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ನೆರೆಯವರನ್ನು ಎಬ್ಬಿಸುವ ಸಂಕೋಚದಿಂದ ಮನೆ ಅನಾಥವಾಗಬಾರದು.

ಉಪಸಂಹಾರ

ಪಥ್ಯವಿದ್ದವರೆಲ್ಲರೂ ದೀರ್ಘಾಯುಷಿಗಳೇ ಎಂದು ನಾವು ಹೇಳುವುದಿಲ್ಲ. ವಂಶದಿಂದ ಬಂದ ದೋಷಗಳುಂಟು, ಪ್ರಾರಬ್ಧವೂ ಉಂಟು. ಮಿತಾಹಾರಿಯೂ ಆಚಾರವಂತನೂ ಆದವನಿಗೆ ರೋಗ ಬಂದರೆ ಅವನ ಭಕ್ತಿಯಲ್ಲಿ ಕುಂದನ್ನು ಹುಡುಕುವುದು ಪಾಪ. ಆದರೆ ಪ್ರಾರಬ್ಧದ ಹೆಸರನ್ನು ಹೇಳಿ ಪ್ರಯತ್ನವನ್ನು ಬಿಡುವುದು ಶಾಸ್ತ್ರಸಮ್ಮತವಲ್ಲ. ಜೀವನು ಅಸ್ವತಂತ್ರನಾದರೂ ಕರ್ತವ್ಯವುಳ್ಳವನು; ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ವಿಧಿನಿಷೇಧಗಳಿಗೆ ಅರ್ಥ ಬರುವುದೇ ಇದರಿಂದ.

ಅನ್ನಮಯಾದಿ ರೂಪಗಳಿಂದ ಭಗವಂತನೇ ನಮ್ಮೊಳಗಿರುವುದಾಗಿ ಆಚಾರ್ಯರು ತೈತ್ತಿರೀಯದ ಅರ್ಥವನ್ನು ತೋರಿಸಿದ್ದಾರೆ. ಹರಿಕಥಾಮೃತಸಾರದಲ್ಲಿ ಜಗನ್ನಾಥದಾಸರು ಭೋಜನದ ರಸಗಳ ಅನುಸಂಧಾನಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟಿದ್ದಾರೆ. ಉಣ್ಣುವ ಪದಾರ್ಥದಲ್ಲಿಯೂ ಉಣ್ಣಿಸುವ ಶಕ್ತಿಯಲ್ಲಿಯೂ ಪಚನ ಮಾಡುವ ಅಗ್ನಿಯಲ್ಲಿಯೂ ಹರಿಯನ್ನು ಕಾಣುವವನು ದೂರದರ್ಶನವನ್ನು ನೋಡುತ್ತ, ಮೊಬೈಲನ್ನು ತೀಡುತ್ತ ಎಷ್ಟು ತುತ್ತು ಇಳಿಯಿತೆಂಬುದನ್ನೇ ಅರಿಯದೆ ಉಣ್ಣಲಾರನು. ಅನುಸಂಧಾನಪೂರ್ವಕವಾಗಿ ಉಣ್ಣುವವನ ಕೈ ತಾನಾಗಿಯೇ ನಿಧಾನವಾಗುತ್ತದೆ, ಸಾಕೆಂಬ ಮಾತು ಸಕಾಲದಲ್ಲಿ ಬಾಯಿಗೆ ಬರುತ್ತದೆ.

ಜಠರದಲ್ಲಿ ವೈಶ್ವಾನರನಾಗಿಯೂ ಹೃದಯದಲ್ಲಿ ಅಂತರ್ಯಾಮಿಯಾಗಿಯೂ ಇರುವವನು ಒಬ್ಬನೇ. ಒಂದು ಸ್ಥಾನದಲ್ಲಿ ಅವನಿಗೆ ಅಳತೆತಪ್ಪಿದ ಆಹುತಿಯನ್ನು ಸುರಿದು, ಇನ್ನೊಂದು ಸ್ಥಾನವನ್ನು ಕಾಪಾಡೆಂದು ಬೇಡುವುದು ಯುಕ್ತವೇ? ನಾಳೆ ಮಧ್ಯಾಹ್ನ ಆಪೋಶನಕ್ಕೆ ನೀರು ಹಿಡಿದಾಗ ಈ ಪ್ರಶ್ನೆಯನ್ನು ಪ್ರತಿಯೊಬ್ಬ ಗೃಹಸ್ಥನೂ ತನಗೆ ತಾನೇ ಕೇಳಿಕೊಳ್ಳಲಿ. ಮನೆಯ ಹಿರಿಯರ ಎದೆಯ ದೀಪವು ಬಹುಕಾಲ ಶಾಂತವಾಗಿ ಬೆಳಗಲೆಂದು ಶ್ರೀಹರಿವಾಯುಗುರುಗಳಲ್ಲಿ ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥